ಅಚ್ಚಿಗೆ ಹೋಗದ ನೋಟ್‌ಬುಕ್ಕು

ನಾನು ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿದವಳು. ರಿಟೈರ್ ಆಗಿ ಡೊಂಬಿವಲಿಯ ಮನೆಯಲ್ಲಿ ಸುಮ್ನೆ ಕೂತಿದ್ದಾಗ ಸಂಘದವರು ಬಂದರು. "ಟೀಚರ್, ಸ್ಮರಣ ಸಂಚಿಕೆಗೆ ಎಪ್ಪತ್ತೈದು ದಾಟಿದ ಸದಸ್ಯರ ಪರಿಚಯ ಬರೆದುಕೊಡಿ, ಒಬ್ಬರಿಗೆ ಒಂದು ಪುಟ ಸಾಕು" ಅಂದರು. ಒಂದು ಪುಟ ತಾನೇ ಅಂತ ಒಪ್ಪಿಕೊಂಡೆ. ಒಂಬತ್ತು ವರ್ಷ ಆಯಿತು. ಐವತ್ತಕ್ಕೂ ಜಾಸ್ತಿ ಜನರ ಬಗ್ಗೆ ಬರೆದಿದ್ದೇನೆ. ಇವರ ಪೂರ್ತಿ ಕಥೆ ನನಗೆ ಗೊತ್ತು ಅಂತ ಎದೆ ತಟ್ಟಿಕೊಂಡು ಹೇಳುವಂಥವರು ಅದರಲ್ಲಿ ಒಬ್ಬರೂ ಇಲ್ಲ.

ಮೊದಲ ವರ್ಷ ನಾನು ಹೋಗಿದ್ದು ಪ್ರಶ್ನೆಪತ್ರಿಕೆ ಹಿಡಿದುಕೊಂಡು. ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ? ಹುಟ್ಟಿದ ದಿನ, ಹುಟ್ಟೂರು, ಮುಂಬೈಗೆ ಬಂದ ವರ್ಷ, ಪಟ್ಟ ಕಷ್ಟ, ಮಾಡಿದ ಸಾಧನೆ. ಮೊದಲ ಪ್ರಶ್ನೆಗೇ ಎಡವಿದೆ. ಹತ್ತು ಜನರಲ್ಲಿ ಆರು ಜನರ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮಾಸ್ತರರು ಕೈಗೆ ಬಂದದ್ದನ್ನು ಬರೆದ ದಿನಾಂಕ ಅದು. ಅಂದರೆ ಅವರ ಬದುಕಿನ ಮೊದಲ ಕಾಗದವೇ ಸುಳ್ಳು, ಮತ್ತು ಅದನ್ನು ಬರೆದದ್ದು ನನ್ನಂಥವರೇ. ಉಳಿದ ಉತ್ತರಗಳೂ ಒಂದೇ ಅಚ್ಚಿನವು. ಉಟ್ಟ ಬಟ್ಟೆಯಲ್ಲಿ ಬಂದೆ, ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದೆ, ರಾತ್ರಿ ಶಾಲೆಯಲ್ಲಿ ಓದಿದೆ, ದೇವರ ದಯೆಯಿಂದ ಮೇಲೆ ಬಂದೆ. ಯಾವುದೂ ಸುಳ್ಳಲ್ಲ. ಆದರೆ ಆ ವರ್ಷ ಪ್ರೆಸ್ಸಿನಲ್ಲಿ ಇಬ್ಬರ ಫೋಟೋ ಅದಲುಬದಲಾಗಿ ಅಚ್ಚಾಯಿತು. ಮನೆಯವರು ಬಿಟ್ಟರೆ ಯಾರಿಗೂ ಗೊತ್ತಾಗಲಿಲ್ಲ. ಅವರಲ್ಲೊಬ್ಬರು ಫೋನ್ ಮಾಡಿ, "ಇರಲಿ ಬಿಡಿ ಟೀಚರ್, ಬರೆದದ್ದು ಇಬ್ಬರಿಗೂ ಸರಿ ಹೋಗ್ತದೆ" ಅಂದುಬಿಟ್ಟರು! ಬೈದಿದ್ದರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಅವತ್ತು ಪ್ರಶ್ನೆಪತ್ರಿಕೆ ಹರಿದು ಹಾಕಿದೆ. ಈಗ ಮೊದಲ ಸಲ ಹೋದಾಗ ಪೆನ್ನೇ ತೆಗೆಯುವುದಿಲ್ಲ. ಚಾ ಕುಡಿದು ಬರುತ್ತೇನೆ. ಎರಡನೇ ಸಲ ಕೇಳುವುದು ಚಿಲ್ಲರೆ ಪ್ರಶ್ನೆಗಳನ್ನು. ರಾತ್ರಿ ಎಲ್ಲಿ ಮಲಗುತ್ತಿದ್ದಿರಿ? ಪಕ್ಕದಲ್ಲಿ ಯಾರು ಮಲಗುತ್ತಿದ್ದರು? ಟ್ರಂಕಿನ ಬೀಗದ ಕೈ ಎಲ್ಲಿಡುತ್ತಿದ್ದಿರಿ? "ನಿಮ್ಮ ಕಷ್ಟದ ದಿನಗಳ ಬಗ್ಗೆ ಹೇಳಿ" ಅಂದರೆ ಭಾಷಣ ಶುರುವಾಗುತ್ತದೆ. "ಬೀಗದ ಕೈ ಎಲ್ಲಿಡುತ್ತಿದ್ದಿರಿ" ಅಂದರೆ, ಹೋಟೆಲು ಮುಚ್ಚಿದ ಮೇಲೆ ಟೇಬಲ್ ಜೋಡಿಸಿ ಮಲಗಿದ್ದು, ಸೊಂಟದ ಉಡಿದಾರಕ್ಕೆ ಬೀಗದ ಕೈ ಕಟ್ಟಿಕೊಂಡದ್ದು, ಒಂದು ಬೆಳಿಗ್ಗೆ ಅದು ಇಲ್ಲದೇ ಹೋದದ್ದು, ಕದ್ದವನು ತನ್ನ ಊರಿನವನೇ ಅಂತ ಗೊತ್ತಾಗಿಯೂ ಬಾಯಿ ಬಿಡದಿದ್ದದ್ದು, ಎಲ್ಲ ತಾನಾಗಿ ಬರುತ್ತದೆ.

ಭಾಷೆಯದ್ದು ಇನ್ನೊಂದು ರಗಳೆ. ನಾನು ಗದಗಿನವಳು. 1956ರ ನವೆಂಬರ್ 1ರ ತನಕ ನಮ್ಮ ಊರು ಮುಂಬೈ ರಾಜ್ಯದಲ್ಲೇ ಇತ್ತು, ಆದರೆ ಹೊಟ್ಟೆಪಾಡಿಗೆ ಮುಂಬೈಗೆ ಬಂದು ತುಂಬಿಕೊಂಡವರಲ್ಲಿ ಆಗ ಮದ್ರಾಸ್ ರಾಜ್ಯದಲ್ಲಿದ್ದ ದಕ್ಷಿಣ ಕನ್ನಡದವರೇ ಜಾಸ್ತಿ. ನನ್ನ "ಹೌದ್ರೀ" ಕೇಳಿ ಅವರಿಗೆ ನಗು, ಅವರ "ಎಂತ ಮಾರಾಯ್ರೆ" ಕೇಳಿ ನನಗೆ ನಗು. ನನ್ನ ಎದುರು ಅವರು ಕನ್ನಡದಲ್ಲೇ ಮಾತಾಡುತ್ತಾರೆ, ಆದರೆ ಆ ಕನ್ನಡ ವೇದಿಕೆಯದ್ದು, ಶಾಲು ಹೊದ್ದುಕೊಂಡ ಕನ್ನಡ. ನಡುವೆ ಮನೆಗೆ ಯಾರಾದರೂ ಬಂದು "ಒಣಸ್ ಆಂಡಾ?", ಊಟ ಆಯಿತಾ ಅಂತ, ಕೇಳಿದರೆ ಸಾಕು, ಮುಖವೇ ಬೇರೆಯಾಗುತ್ತದೆ, ತುಳುವಿನಲ್ಲಿ ಐದೇ ನಿಮಿಷದಲ್ಲಿ ಎಷ್ಟೋ ಹೇಳಿ ಮುಗಿಸುತ್ತಾರೆ, ಮತ್ತೆ ನನ್ನ ಕಡೆ ತಿರುಗಿ, "ಹ್ಞಾಂ, ಎಲ್ಲಿದ್ದೆವು?" ಅನ್ನುತ್ತಾರೆ. ಹಾಗೆ ಹೋದ ಐದು ನಿಮಿಷಗಳಿಗೆ ಲೆಕ್ಕವಿಲ್ಲ. ಈಚೆಗೆ ತುಳು ಬರುವ ನನ್ನ ಹಳೇ ವಿದ್ಯಾರ್ಥಿನಿಯನ್ನು ಕರೆದುಕೊಂಡು ಹೋಗುತ್ತೇನೆ.

ಕಾಗದಪತ್ರ ಇದ್ದರೆ ಅರ್ಧ ಕೆಲಸ ಹಗುರ, ಆದರೆ ಎಷ್ಟೋ ಮನೆಗಳಲ್ಲಿ ಅವು ಉಳಿದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಕಲಿನಾ, ಕುರ್ಲಾ ಕಡೆ ನೆಲಮಹಡಿಯಲ್ಲಿದ್ದವರ ಮದುವೆ ಫೋಟೋ, ಮಾರ್ಕ್ಸ್ ಕಾರ್ಡು ಎಲ್ಲ ಆ ನೀರಿನಲ್ಲೇ ಹೋಯಿತು. ಕಾಗದ ಇದ್ದರೂ ಒಂದೇ ಮಾತು ಹೇಳುವುದಿಲ್ಲ. ಒಂದೇ ಬಿಲ್ಡಿಂಗಿನಲ್ಲಿ ಎರಡನೇ ಮಹಡಿಯವರು, "1974ರ ಉಳುವವನೇ ಹೊಲದೊಡೆಯ ಕಾನೂನಿನಿಂದ ನಮ್ಮ ಗದ್ದೆ ಹೋಯಿತು, ಅದಕ್ಕೇ ಮುಂಬೈಗೆ ಬಂದೆ" ಅಂದರು. ನಾಲ್ಕನೇ ಮಹಡಿಯವರು, "ಅದೇ ಕಾನೂನಿನಿಂದ ನಮ್ಮಪ್ಪನಿಗೆ ಗದ್ದೆ ಆಯಿತು, ಅದರಿಂದಲೇ ನಮ್ಮ ಮನೆ ನಿಂತಿತು" ಅಂದರು. ಇಬ್ಬರೂ ಒಂದೇ ಲಿಫ್ಟಿನಲ್ಲಿ ಇಳಿಯುತ್ತಾರೆ.

ಈಗ ಪರೇಲಿನ ಅಜ್ಜನ ವಿಷಯಕ್ಕೆ ಬರುತ್ತೇನೆ. ಇಷ್ಟು ಬರೆಯಲು ಕೂತದ್ದೇ ಅವರಿಗಾಗಿ. ಕಾರ್ಕಳದ ಕಡೆಯವರು. ಚಾಳಿನಲ್ಲಿ ಒಂದು ಖೋಲಿ, ಅರ್ಧ ಗೋಡೆಯ ಆಚೆ ಅಡುಗೆ ಮತ್ತು ಮೋರಿ. ಹನ್ನೆರಡು ಹದಿಮೂರು ವರ್ಷಕ್ಕೆ ಓಡಿ ಬಂದವರು, ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಪ್ಲೈಯರ್ ಆಗಿ, ಆಮೇಲೆ ಮಿಲ್ಲಿನ ಗೇಟಿನ ಹತ್ತಿರ ಸ್ವಂತ ಚಾ ಅಂಗಡಿ ಇಟ್ಟವರು.

ಮುಂಬೈಗೆ ಹೇಗೆ ಬಂದಿರಿ ಅಂದೆ. ಮಂಗಳೂರಿನಿಂದ ಹಡಗಿನಲ್ಲಿ, ದಾರಿಯುದ್ದಕ್ಕೂ ವಾಂತಿ ಅಂದರು. ಮುಂದಿನ ವಾರ ಮಾತಿನ ನಡುವೆ, ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು ರೈಲು ಹತ್ತಿದೆ, ಪುಣೆಯಲ್ಲಿ ರೈಲು ಬದಲಿಸುವಾಗ ಚಪ್ಪಲಿ ಹೋಯಿತು ಅಂದರು. ಮೊದಲಿನ ನಾನಾಗಿದ್ದರೆ, ವಯಸ್ಸಾಯಿತು, ಮರೆತಿದ್ದಾರೆ ಅಂತ ಒಂದನ್ನು ಹೊಡೆದು ಹಾಕಿ ಇನ್ನೊಂದನ್ನು ಬರೆಯುತ್ತಿದ್ದೆ. ಈ ಸಲ ಕೇಳಿದೆ: "ಅಜ್ಜಾ, ಹಡಗೋ ರೈಲೋ?" ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ನಕ್ಕರು. ಎರಡೂ ನಿಜ. ಮೊದಲ ಸಲ ಹಡಗಿನಲ್ಲಿ ಬಂದು, ನಾಲ್ಕು ತಿಂಗಳೂ ತಡೆಯಲಾರದೆ ವಾಪಸ್ ಓಡಿಹೋಗಿದ್ದರು. ಮನೆಯಲ್ಲಿ ಹೊಡೆತ ತಿಂದು, ಒಂದು ವರ್ಷ ಬಿಟ್ಟು ರೈಲಿನಲ್ಲಿ ಬಂದರು. ಆ ಸೋತ ನಾಲ್ಕು ತಿಂಗಳನ್ನು ಅವರು ಅರವತ್ತು ವರ್ಷ ಯಾರಿಗೂ ಹೇಳಿರಲಿಲ್ಲವಂತೆ. ಅದಾದ ಮೇಲೆ ಮಾತು ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲೇ ಕೂತುಬಿಡುತ್ತೇನೆ.

ಅಜ್ಜಿ ಮಾತ್ರ ಹೊರಗೆ ಬರುತ್ತಿರಲಿಲ್ಲ. ಅಡುಗೆ ಮಾಡುತ್ತಲೇ ಒಳಗಿನಿಂದ ತಿದ್ದುತ್ತಿದ್ದರು. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮಿಲ್ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಗೆ ನಿಂತರು. ಗೇಟಿನ ಹತ್ತಿರದ ಚಾ ಅಂಗಡಿ ಅಂದರೆ ಎಲ್ಲ ಉದ್ರಿ ಖಾತೆಯೇ. ಅಜ್ಜ ಹೇಳಿದರು: "ಪಾಪ, ಅವರ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಉದ್ರಿ ಎಲ್ಲ ಬಿಟ್ಟುಬಿಟ್ಟೆ." ಒಳಗಿನಿಂದ ಕೂಡಲೇ: "ಬಿಟ್ಟದ್ದು ಎಲ್ಲಿ? ಅವರೇ ಊರಿಗೆ ಹೋದದ್ದಲ್ವಾ! ಆರು ತಿಂಗಳು ಖಾತೆ ಪುಸ್ತಕ ಹಿಡ್ಕೊಂಡು ಚಾಳಿನಿಂದ ಚಾಳಿಗೆ ತಿರುಗಿದ್ದು ಹೇಳಿ." ಅಜ್ಜ ತಲೆ ಕೆರೆದುಕೊಂಡರು. ನನಗೆ ಅಜ್ಜಿಯ ಮಾತೇ ಹಿಡಿಸಿತು. ಆದರೆ ಬರೆದದ್ದನ್ನು ಓದಿ ಹೇಳಿದಾಗ ಅಜ್ಜ ಆ ಸಾಲು ತೆಗೆಸಿದರು. ಓದಿ ಹೇಳದೆ ನಾನು ಏನನ್ನೂ ಅಚ್ಚಿಗೆ ಕೊಡುವುದಿಲ್ಲ. ಬೇಡ ಅಂದದ್ದು ಎರಡನೇ ನೋಟ್‌ಬುಕ್ಕಿಗೆ ಹೋಗುತ್ತದೆ. ಅಚ್ಚಿಗೆ ಹೋಗುವ ನೋಟ್‌ಬುಕ್ಕು ಒಂದು, ಹೋಗದ್ದು ಒಂದು. ಎರಡನೆಯದೇ ದಪ್ಪ ಇದೆ.

ನಾಲ್ಕನೇ ಭೇಟಿಯಲ್ಲಿ ಅಜ್ಜ ಟ್ರಂಕು ಇಳಿಸಿದರು. ಹಳೇ ರೇಶನ್ ಕಾರ್ಡು, ರಾತ್ರಿ ಶಾಲೆಯ ಏಳನೇ ಕ್ಲಾಸಿನ ಸರ್ಟಿಫಿಕೇಟು, ತಳದಲ್ಲಿ ದಾರ ಕಟ್ಟಿದ ಒಂದು ಕಂತೆ. ಮನಿ ಆರ್ಡರ್ ರಸೀದಿಗಳು. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಮನಿ ಆರ್ಡರ್ ಫಾರಂನಲ್ಲಿ ಒಂದು ತುಂಡು ಕೂಪನ್ನು ಇರುತ್ತಿತ್ತು, ಅದರಲ್ಲಿ ನಾಲ್ಕು ಸಾಲು ಗೀಚಲು ಜಾಗ, ಅಂಚೆಯವನು ಅದನ್ನು ಹರಿದು ದುಡ್ಡಿನ ಜೊತೆ ಕೊಡುತ್ತಿದ್ದ. ಇನ್ನೊಂದು ತುಂಡು, ದುಡ್ಡು ಪಡೆದವರ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡು, ಕಳಿಸಿದವನಿಗೆ ವಾಪಸ್ ಬರುತ್ತಿತ್ತು. ಬರೆದ ನಾಲ್ಕು ಸಾಲು ಊರಿನಲ್ಲಿ ಉಳಿಯುತ್ತಿತ್ತು, ಇಲ್ಲಿಗೆ ಬರುತ್ತಿದ್ದದ್ದು ಆ ಗುರುತು ಮಾತ್ರ.

ಒಂದೊಂದಾಗಿ ನೋಡಿದೆ. ನೇರಳೆ ಶಾಯಿಯ ಹೆಬ್ಬೆಟ್ಟು. ಅವರ ಅಪ್ಪೆಯದ್ದು, ಅಂದರೆ ತಾಯಿಯದ್ದು. ಕೆಲವು ಕಡೆ ಶಾಯಿ ಜಾಸ್ತಿಯಾಗಿ ಉಂಡೆಯಾಗಿದೆ, ಕೆಲವು ಕಡೆ ಬೆರಳು ಜಾರಿದೆ. ತಿಂಗಳಿಗೊಂದು, 1977ರ ತನಕ. ಆ ವರ್ಷ ತಾಯಿ ತೀರಿಕೊಂಡರು. ಕಂತೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿದಿರಲಿಲ್ಲ. 1978ರಿಂದ ಬೇರೆ ಸಹಿ. ನಡುಗುವ ಕೈಯ ಕನ್ನಡ ಅಕ್ಷರ, ಒಬ್ಬ ಹೆಂಗಸಿನ ಹೆಸರು, ಮೂಡಬಿದಿರೆ ಕಡೆಯ ವಿಳಾಸ. ಮೂವತ್ತು ರೂಪಾಯಿ, ಆಮೇಲೆ ಐವತ್ತು. 1990ರ ತನಕ.

"ಇದು ಯಾರು ಅಜ್ಜಾ?"

ಅವರು ಕಂತೆಯನ್ನು ನನ್ನ ಕೈಯಿಂದ ತೆಗೆದುಕೊಂಡು ದಾರ ಸುತ್ತಿದರು. "ಬೊಡ್ಚಿ ಟೀಚರ್" ಅಂದರು. ಬೇಡ ಅಂತ. ನನ್ನ ಹತ್ತಿರ ಅವರು ತುಳು ಮಾತಾಡಿದ್ದು ಅದೊಂದೇ ಸಲ. ಫೋನಿನಲ್ಲಿ ರೆಕಾರ್ಡ್ ಆಗುತ್ತಿತ್ತು, ಆಮೇಲೆ ಮನೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. "ಬೊಡ್ಚಿ" ಆದ ಮೇಲೆ ನಲವತ್ತು ಸೆಕೆಂಡು ಯಾರೂ ಮಾತಾಡುವುದಿಲ್ಲ. ಕುಕ್ಕರ್ ಎರಡು ಸಲ ಕೂಗುತ್ತದೆ. ಮೂರನೇ ಸಲ ಕೇಳುವಾಗ ನನಗೆ ಹೊಳೆಯಿತು: ಎಲ್ಲದಕ್ಕೂ ಒಳಗಿನಿಂದ ತಿದ್ದುವ ಅಜ್ಜಿಯ ಧ್ವನಿ ಅಲ್ಲಿ ಇಲ್ಲ.

ಇಲ್ಲಿ ನಾನು ಮಾಡಿದ ತಪ್ಪು ಹೇಳಲೇಬೇಕು. ಗಂಡಸು, ದೂರದ ಊರು, ಹೆಂಗಸಿನ ಹೆಸರು, ಹನ್ನೆರಡು ವರ್ಷ ದುಡ್ಡು. ಊರಲ್ಲಿ ಇನ್ನೊಂದು ಸಂಸಾರ ಇತ್ತು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಅಚ್ಚಿಗೆ ಕೊಡಲಿಲ್ಲ ನಿಜ, ಆದರೆ ದಾದರಿನಿಂದ ಡೊಂಬಿವಲಿಗೆ ಹೋಗುವ ಲೋಕಲ್‌ನಲ್ಲಿ ಸಂಘದ ಒಬ್ಬರ ಕಿವಿಗೆ ಹಾಕಿದೆ. "ಯಾರಿಗೂ ಹೇಳಬೇಡಿ" ಅಂತ ಬೇರೆ ಸೇರಿಸಿದೆ. ಸಂಚಿಕೆ ಬಿಡುಗಡೆಯ ದಿನ ಅಜ್ಜನಿಗೆ ಶಾಲು ಹೊದಿಸುವಾಗ ಹಿಂದಿನ ಸಾಲಿನಲ್ಲಿ ಇಬ್ಬರು ಮುಸಿಮುಸಿ ನಕ್ಕದ್ದು ನನಗೆ ಕಾಣಿಸಿತು. ಅಜ್ಜನಿಗೆ ಕಾಣಿಸಿತೋ ಇಲ್ಲವೋ, ಅವರು ಆಮೇಲೆ ನನ್ನ ಜೊತೆ ಮಾತಾಡಿದ್ದು ಕಮ್ಮಿ. ಮರು ವರ್ಷ ತೀರಿಕೊಂಡರು.

ಸಾವಿಗೆ ಬಂದವರಲ್ಲಿ ಅವರ ಜೊತೆ ಹೋಟೆಲಿನಲ್ಲಿ ಕೆಲಸ ಮಾಡಿದ ಮುಲುಂಡಿನ ಒಬ್ಬರಿದ್ದರು. ಹಳೇ ದಿನಗಳ ಮಾತು ಬಂದಾಗ ತಾನಾಗಿ ಹೇಳಿದರು. ಅಜ್ಜ ಊರಿನಿಂದ ಕೆಲಸ ಕೊಡಿಸುತ್ತೇನೆ ಅಂತ ಒಬ್ಬ ಹುಡುಗನನ್ನು ಕರೆತಂದಿದ್ದರಂತೆ. ಆ ಹುಡುಗ ವರ್ಷದೊಳಗೆ ಲೋಕಲ್ ರೈಲಿನಿಂದ ಬಿದ್ದು ಸತ್ತ. ದುಡ್ಡು ಹೋಗುತ್ತಿದ್ದದ್ದು ಅವನ ತಾಯಿಗೆ. ಕೇಳಿ ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಲೋಕಲ್‌ನಲ್ಲಿ ಯಾರಿಗೆ ಹೇಳಿದ್ದೆನೋ ಅವರಿಗೆ ಅವತ್ತೇ ಫೋನ್ ಮಾಡಿ ತಪ್ಪಾಯಿತು ಅಂದೆ. "ಅಯ್ಯೋ, ಅದು ನನಗೆ ಮರೆತೇ ಹೋಗಿತ್ತು" ಅಂದರು. ಮರೆತಿರಲಿಲ್ಲ.

ಅಲ್ಲಿಗೆ ಕಥೆ ಸರಿಹೋಯಿತು ಅಂದುಕೊಂಡೆ. ಊರಿನಲ್ಲಿದ್ದ ಅಜ್ಜನ ದಾಯಾದಿಯೊಬ್ಬರು ಫೋನಿನಲ್ಲಿ ಬೇರೆಯೇ ಹೇಳಿದರು. ಹುಡುಗ ಸತ್ತದ್ದು ಹೌದು, ಆದರೆ ಅಜ್ಜ ಎರಡನೇ ಸಲ ಮುಂಬೈಗೆ ಹೊರಟಾಗ ರೈಲಿನ ದುಡ್ಡು ಕೊಟ್ಟವಳು ಅದೇ ಹೆಂಗಸು, ಅಜ್ಜ ತೀರಿಸುತ್ತಿದ್ದದ್ದು ಆ ಸಾಲವನ್ನು. ಎಂಥಾ ಸಾಲ ಹನ್ನೆರಡು ವರ್ಷ ತೀರುವುದಿಲ್ಲ ಅಂದರೆ, "ಅದು ನಮಗೆಂತ ಗೊತ್ತು" ಅಂದರು. ಎರಡನ್ನೂ ಎರಡನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಯಾರು ಹೇಳಿದ್ದು, ಯಾವ ದಿನ ಅಂತ ಪಕ್ಕದಲ್ಲಿ ಹಾಕಿ. ಈಗೀಗ ಹಾಗೇ ಮಾಡುತ್ತೇನೆ. "ನಡೆಯಿತು" ಅಂತ ಬರೆಯುವುದಿಲ್ಲ, "ಇಂಥವರು ಹೀಗೆ ಹೇಳಿದರು" ಅಂತ ಬರೆಯುತ್ತೇನೆ.

ಹೋದ ತಿಂಗಳು ಅಜ್ಜನ ಮಗಳು ಫೋನ್ ಮಾಡಿದರು. ಚಾಳು ಒಡೆಯುತ್ತಾರೆ, ಸಾಮಾನು ಖಾಲಿ ಮಾಡುವಾಗ ಕಂತೆ ಸಿಕ್ಕಿತು, ಬನ್ನಿ ಅಂದರು. ಹೋದೆ. ಅಪ್ಪ ನಿಮ್ಮ ಹತ್ತಿರ ಎಲ್ಲ ಹೇಳಿರಬೇಕಲ್ವಾ ಅಂದರು. ಅಜ್ಜ ಮಗಳ ಹತ್ತಿರ ಹೇಳಿರಬಹುದು ಅಂತ ನಾನು ಅಂದುಕೊಂಡಿದ್ದೆ. ನನಗೆ ಗೊತ್ತಿದ್ದ ಎರಡೂ ಮಾತು ಹೇಳಿದೆ, ಲೋಕಲ್ ರೈಲಿನ ನನ್ನ ಬಾಯಿಚಪಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ದನಿ ತಗ್ಗಿಸಿ, "ನಾನು ಸಣ್ಣವಳಿದ್ದಾಗ ಊರಿನಿಂದ ಒಬ್ಬಳು ಹೆಂಗಸು ಹಲಸಿನ ಹಪ್ಪಳ ತಗೊಂಡು ಇಲ್ಲಿಗೆ ಬಂದಿದ್ದಳು ಟೀಚರ್. ಎರಡು ದಿನ ಇದ್ದಳು. ಅಮ್ಮ ಅವಳ ಹತ್ತಿರ ಒಂದು ಮಾತೂ ಆಡಲಿಲ್ಲ. ಹಪ್ಪಳ ಡಬ್ಬಿಯಲ್ಲೇ ಹಾಳಾಯಿತು" ಅಂದರು.

ಅರ್ಧ ಗೋಡೆಯ ಆಚೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತ್ತು. ಅಜ್ಜಿ ಚಾ ಹಿಡಿದು ಹೊರಗೆ ಬಂದರು. ಇಷ್ಟು ವರ್ಷದಲ್ಲಿ ನನ್ನ ಎದುರು ಬಂದು ಕೂತದ್ದು ಅದೇ ಮೊದಲು. ಟ್ರಂಕಿನ ಕಡೆ ನೋಡಿದರು, ಮಗಳ ಕಡೆ ನೋಡಿದರು. ಆಮೇಲೆ ಲೋಟ ನನ್ನ ಕಡೆ ಸರಿಸಿ, "ನಿಮಗೆ ಸಕ್ಕರೆ ಕಮ್ಮಿ ಅಲ್ವಾ ಟೀಚರ್?" ಅಂದರು.