ಒಲೆ ಹಚ್ಚದ ಅಡುಗೆಯನ್ನು ಮನೆಯಲ್ಲೇ ಕಲಿಯುವ ಬಗೆ

ಅಡುಗೆಯಲ್ಲಿ ಬೆಂಕಿ ಒಮ್ಮೆಗೇ ಮೂರು ಕೆಲಸಗಳನ್ನು ಮಾಡುತ್ತದೆ: ಗಟ್ಟಿ ನಾರನ್ನು ಮೆತ್ತಗಾಗಿಸುತ್ತದೆ, ರುಚಿಗಳನ್ನು ಬೆರೆಸುತ್ತದೆ, ರೋಗಾಣುಗಳನ್ನು ಕೊಲ್ಲುತ್ತದೆ. ಹಸಿ ಆಹಾರವನ್ನು ಸಿದ್ಧಪಡಿಸುವವರು ಪದಾರ್ಥದ ಉಷ್ಣತೆಯನ್ನು ಸಾಮಾನ್ಯವಾಗಿ 42ರಿಂದ 48 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳುವುದರಿಂದ, ಈ ಮೂರೂ ಕೆಲಸಗಳನ್ನು ಚಾಕು, ಉಪ್ಪು, ಹುಳಿ, ನೀರು ಮತ್ತು ಕಾಲ ಹಂಚಿಕೊಳ್ಳಬೇಕಾಗುತ್ತದೆ. ಇದನ್ನು ಅರಿಯದೆ ಯಂತ್ರಗಳನ್ನು ಮೊದಲು ಕೊಂಡವರು ಬೇಗ ಬೇಸರಪಡುತ್ತಾರೆ. ಕೈ ಪಳಗಿದ ಮೇಲೆ ಕೊಂಡ ಉಪಕರಣ ಮಾತ್ರ ದಿನವೂ ಬಳಕೆಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಲಿಕೆ ಚಾಕುವಿನಿಂದ ಆರಂಭವಾಗಲಿ. ಸುಮಾರು 20 ಸೆಂಟಿಮೀಟರ್ ಉದ್ದದ ಅಲಗಿರುವ ಒಂದು ದೊಡ್ಡ ಚಾಕು, ಸಿಪ್ಪೆ ಹೆರೆಯಲು ಒಂದು ಚಿಕ್ಕ ಚಾಕು, ಮರದ ಅಥವಾ ಪ್ಲಾಸ್ಟಿಕ್ಕಿನ ಒಂದು ಹಲಗೆ ಇದ್ದರೆ ಮೊದಲ ಒಂದೆರಡು ತಿಂಗಳಿಗೆ ಸಾಕು. ಗಾಜಿನ ಹಲಗೆ ಶುಚಿಯಾಗಿ ಕಂಡರೂ ಅಲಗಿನ ಹರಿತವನ್ನು ಬಹುಬೇಗ ಕೆಡಿಸುತ್ತದೆ. ಹಲಗೆಯ ಅಡಿಯಲ್ಲಿ ಒದ್ದೆ ಬಟ್ಟೆಯನ್ನು ಹಾಸಿದರೆ ಅದು ಜಾರುವುದಿಲ್ಲ. ತರಕಾರಿಯನ್ನು ಹಿಡಿದ ಕೈಯ ಬೆರಳ ತುದಿಗಳನ್ನು ಒಳಕ್ಕೆ ಮಡಚಿಕೊಂಡು, ಅಲಗಿನ ಪಕ್ಕವು ಬೆರಳ ಗೆಣ್ಣಿಗೆ ತಾಗಿಕೊಂಡೇ ಏರಿಳಿಯುವಂತೆ ಹೆಚ್ಚುವುದನ್ನು ರೂಢಿಸಿಕೊಳ್ಳಬೇಕು. ಉರುಳುವ ತರಕಾರಿಯ ಒಂದು ಬದಿಯನ್ನು ತೆಳ್ಳಗೆ ಕತ್ತರಿಸಿ, ಆ ಚಪ್ಪಟೆ ಭಾಗವನ್ನು ಕೆಳಗಿಟ್ಟುಕೊಂಡ ನಂತರವೇ ಉಳಿದದ್ದನ್ನು ಹೆಚ್ಚಬೇಕು.

ಬೇಯಿಸದ ತರಕಾರಿಯಲ್ಲಿ ಹೋಳಿನ ದಪ್ಪವೇ ರುಚಿಯನ್ನು ನಿರ್ಧರಿಸುತ್ತದೆ. ಅರ್ಧ ಸೆಂಟಿಮೀಟರ್ ದಪ್ಪದ ಬೀಟ್ರೂಟ್ ಬಿಲ್ಲೆಯನ್ನು ಅಗಿಯುವುದೇ ಶ್ರಮ, ಅದನ್ನೇ ಎರಡು ಮಿಲಿಮೀಟರಿಗಿಂತ ತೆಳ್ಳಗೆ ಸೀಳಿದರೆ ಸಿಹಿ ಕೂಡಲೇ ನಾಲಿಗೆಗೆ ಸಿಗುತ್ತದೆ. ನಾರು ಹೆಚ್ಚಿರುವ ದಂಟುಗಳನ್ನು ನಾರಿಗೆ ಅಡ್ಡಲಾಗಿ ಹೆಚ್ಚಿದರೆ ಎಳೆಗಳು ತುಂಡಾಗಿ ಅಗಿಯಲು ಸುಲಭವಾಗುತ್ತವೆ. ಮೊಂಡಾದ ಚಾಕು ಜೀವಕೋಶಗಳನ್ನು ಕತ್ತರಿಸುವ ಬದಲು ಜಜ್ಜುತ್ತದೆ, ಅದರಿಂದ ಸೊಪ್ಪು ಮತ್ತು ಸೇಬು ಬೇಗ ಕಪ್ಪಾಗುತ್ತವೆ. ಆದ್ದರಿಂದ 1000 ಗ್ರಿಟ್ಟಿನ (ಮಧ್ಯಮ ನುಣುಪಿನ) ಸಾಣೆಕಲ್ಲನ್ನು ಒದ್ದೆಮಾಡಿಕೊಂಡು, ಅಲಗನ್ನು 15ರಿಂದ 20 ಡಿಗ್ರಿ ಓರೆಯಲ್ಲಿ ಹಿಡಿದು, ಎದುರು ಬದಿಯಲ್ಲಿ ಬೆರಳಿಗೆ ತೆಳುವಾದ ಲೋಹದ ಅಂಚು ತಡವುವವರೆಗೆ ಮಸೆದು, ನಂತರ ಇನ್ನೊಂದು ಬದಿಯನ್ನು ಅಷ್ಟೇ ಮಸೆಯುವುದನ್ನು ಕಲಿಯಬೇಕು. ಹಣ್ಣಾದ ಟೊಮೆಟೊದ ಸಿಪ್ಪೆಯನ್ನು ಒತ್ತದೆಯೇ ಸೀಳಿದರೆ ಚಾಕು ಹರಿತವಾಗಿದೆ ಎಂದರ್ಥ.

ತುರಿಮಣೆಯನ್ನು ಕೀಳಾಗಿ ಕಾಣಬಾರದು. ಸ್ವಿಟ್ಜರ್ಲೆಂಡಿನ ವೈದ್ಯ ಮ್ಯಾಕ್ಸ್ ಬಿರ್ಚರ್-ಬೆನ್ನರ್ ಅವರು 1900ರ ಆಸುಪಾಸಿನಲ್ಲಿ ತಮ್ಮ ರೋಗಿಗಳಿಗಾಗಿ ರೂಪಿಸಿದ ಮ್ಯೂಸ್ಲಿ ಎಂಬ, ಓಟ್ಸ್ ಮತ್ತು ಹಣ್ಣು ಬೆರೆಸಿದ ತಿನಿಸಿನ ಮುಖ್ಯ ಪದಾರ್ಥ ಆಗಷ್ಟೇ ತುರಿದ ಹಸಿ ಸೇಬೇ ಆಗಿತ್ತು. ಕ್ಯಾರೆಟ್ಟನ್ನು ನುಣ್ಣಗೆ ತುರಿದು, ಸ್ವಲ್ಪ ಎಣ್ಣೆ ಅಥವಾ ಬೀಜಗಳ ಜೊತೆ ತಿಂದರೆ ಅದರ ಬೀಟಾ ಕ್ಯಾರೊಟಿನ್ ದೇಹಕ್ಕೆ ಹೆಚ್ಚು ದಕ್ಕುತ್ತದೆ, ಏಕೆಂದರೆ ಆ ಪೋಷಕಾಂಶವು ಜೀವಕೋಶದ ಗೋಡೆಯೊಳಗೆ ಸಿಕ್ಕಿಕೊಂಡಿರುತ್ತದೆ ಮತ್ತು ಕೊಬ್ಬಿನಲ್ಲಿ ಕರಗುತ್ತದೆ. ಸಮನಾದ ತೆಳು ಬಿಲ್ಲೆಗಳಿಗೆ ಮ್ಯಾಂಡೊಲಿನ್ ಎಂಬ ಹಲಗೆಯಂಥ ಸೀಳುಗ ಉತ್ತಮವಾದುದು. ಆದರೆ ಅದರೊಂದಿಗೆ ಬರುವ ಕೈಹಿಡಿಕೆಯನ್ನು ಬಳಸದೆ ಒಂದೇ ಒಂದು ಬಿಲ್ಲೆಯನ್ನೂ ಸೀಳಬೇಡಿ. ತರಕಾರಿ ಚಿಕ್ಕದಾಗುತ್ತ ಬಂದಾಗಲೇ ಬೆರಳಿಗೆ ಆಳವಾದ ಗಾಯವಾಗುವುದು.

ಉಪ್ಪು ಮತ್ತು ಹುಳಿಯ ಕೆಲಸವನ್ನು ಎಲೆಕೋಸಿನಲ್ಲಿ ಕಲಿಯುವುದು ಸುಲಭ. ಸಣ್ಣಗೆ ಸೀಳಿದ ಎಲೆಕೋಸಿಗೆ ಉಪ್ಪು ಬೆರೆಸಿ ಐದು ನಿಮಿಷ ಚೆನ್ನಾಗಿ ಹಿಸುಕಿದರೆ, ಉಪ್ಪು ಜೀವಕೋಶಗಳೊಳಗಿನ ನೀರನ್ನು ಹೊರಕ್ಕೆ ಸೆಳೆದು ಅದು ಬಾಡಿದಂತೆ ಮೆತ್ತಗಾಗುತ್ತದೆ. ನಿಂಬೆರಸ ಸೇರಿಸಿದರೆ ಇನ್ನಷ್ಟು ಹದವಾಗುತ್ತದೆ. ಇದೇ ಪ್ರಯೋಗವನ್ನು ಮುಂದುವರಿಸಿ ಹುದುಗಿಸಲೂಬಹುದು. ಒಂದು ಕಿಲೋ ಎಲೆಕೋಸಿಗೆ 20 ಗ್ರಾಂ ಉಪ್ಪನ್ನು ಚಮಚದಿಂದಲ್ಲದೆ ತೂಕದ ಯಂತ್ರದಲ್ಲಿ ತೂಗಿ ಬೆರೆಸಿ, ಗಾಜಿನ ಭರಣಿಗೆ ಅದುಮಿ ತುಂಬಿ, ಎಲ್ಲ ಎಳೆಗಳೂ ತಮ್ಮದೇ ನೀರಿನಲ್ಲಿ ಮುಳುಗಿರುವಂತೆ ಮೇಲೊಂದು ಭಾರವಿಟ್ಟು, 18ರಿಂದ 22 ಡಿಗ್ರಿ ಉಷ್ಣತೆಯಲ್ಲಿ ಒಂದರಿಂದ ಮೂರು ವಾರ ಬಿಡಬೇಕು. ಗಾಳಿ ಹೊರಹೋಗಲು ಮುಚ್ಚಳ ಸಡಿಲವಾಗಿರಬೇಕು. ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಬೆಳೆದು ಹುಳಿ ಹೆಚ್ಚಿಸಿದಂತೆ ಕೆಡಿಸುವ ಸೂಕ್ಷ್ಮಾಣುಗಳು ಹಿಮ್ಮೆಟ್ಟುತ್ತವೆ. ನೂಲಿನಂಥ ಬೂಸ್ಟು ಬಂದರೆ ಅಥವಾ ಕೊಳೆತ ವಾಸನೆ ಬಂದರೆ ಇಡೀ ಭರಣಿಯನ್ನೇ ಎಸೆಯಬೇಕು.

ಬೀಜಗಳ ವಿಷಯದಲ್ಲಿ ನೀರೇ ಮುಖ್ಯ. ಬಾದಾಮಿಗೆ 8ರಿಂದ 12 ಗಂಟೆ, ಗೋಡಂಬಿಗೆ 2ರಿಂದ 4 ಗಂಟೆ ನೆನೆಸುವುದು ಸಾಕು. (ಹಸಿ ಎಂದು ಮಾರುವ ಗೋಡಂಬಿಯನ್ನೂ ಸಾಮಾನ್ಯವಾಗಿ ಚಿಪ್ಪು ಬಿಡಿಸುವಾಗ ಬಿಸಿಗೆ ಒಡ್ಡಿರುತ್ತಾರೆ, ಏಕೆಂದರೆ ಚಿಪ್ಪಿನ ಎಣ್ಣೆ ಚರ್ಮವನ್ನು ಸುಡುತ್ತದೆ.) ನೆನೆದ ಬಾದಾಮಿಯ ನೀರು ಚೆಲ್ಲಿ, ಒಂದು ಲೋಟಕ್ಕೆ ಮೂರು ಅಥವಾ ನಾಲ್ಕು ಲೋಟ ಹೊಸ ನೀರು ಹಾಕಿ ಬ್ಲೆಂಡರಿನಲ್ಲಿ ಅರೆದು, ತೆಳು ಬಟ್ಟೆಯಲ್ಲಿ ಹಿಂಡಿದರೆ ಬಾದಾಮಿ ಹಾಲು ಸಿದ್ಧವಾಗುತ್ತದೆ. ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಅದನ್ನು ಮುಗಿಸಬೇಕು. ಬ್ಲೆಂಡರಿಗೆ ಯಾವಾಗಲೂ ದ್ರವವನ್ನು ಮೊದಲು ಹಾಕಿ, ನಿಧಾನ ವೇಗದಿಂದ ಆರಂಭಿಸಬೇಕು. ಹೆಚ್ಚು ಹೊತ್ತು ತಿರುಗಿಸಿದರೆ ಅಲಗಿನ ಘರ್ಷಣೆಯಿಂದಲೇ ಪದಾರ್ಥ ಬಿಸಿಯಾಗುವುದರಿಂದ ನಡುನಡುವೆ ನಿಲ್ಲಿಸುವುದು ಒಳ್ಳೆಯದು. ನೀರಿಲ್ಲದೆ ಬೀಜಗಳನ್ನು ಪುಡಿಮಾಡಲು, ಖರ್ಜೂರದೊಡನೆ ಉಂಡೆಗೆ ಹದಮಾಡಲು ಅಗಲ ತಳದ ಫುಡ್ ಪ್ರೊಸೆಸರ್ ಬೇಕು. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ನಾನು ಬ್ಲೆಂಡರನ್ನೇ ಆರಿಸುತ್ತೇನೆ, ಏಕೆಂದರೆ ಉಳಿದದ್ದನ್ನು ಚಾಕುವಿನಿಂದ ಸಾಧಿಸಬಹುದು.

ಮೊಳಕೆಯ ಬಗ್ಗೆ ಮಾತ್ರ ಗಂಭೀರವಾಗಿ ಎಚ್ಚರಿಸಬೇಕಾಗಿದೆ. ಕಾಳು ಮೊಳೆಯಲು ಬೇಕಾದ ಬೆಚ್ಚನೆಯ ತೇವವೇ ಸಾಲ್ಮೊನೆಲ್ಲಾ, ಇ. ಕೋಲಿ ಎಂಬ ರೋಗಕಾರಕ ಬ್ಯಾಕ್ಟೀರಿಯಾಗಳಿಗೂ ಹಿತವಾದುದು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿಗೆ 50ಕ್ಕೂ ಹೆಚ್ಚು ಜನ ಬಲಿಯಾದರು. ಆದ್ದರಿಂದ ಭರಣಿಯನ್ನು ಕುದಿವ ನೀರಿನಲ್ಲಿ ತೊಳೆದು, ಕಾಳನ್ನು ರಾತ್ರಿಯಿಡೀ ನೆನೆಸಿ, ಬಾಯಿಗೆ ಜಾಲರಿ ಕಟ್ಟಿ ನೀರು ಪೂರ್ತಿ ಬಸಿಯುವಂತೆ ಓರೆಯಾಗಿ ನಿಲ್ಲಿಸಿ, ದಿನಕ್ಕೆ ಎರಡು ಬಾರಿಯಾದರೂ ತೊಳೆಯುತ್ತ ಎರಡು ಮೂರು ದಿನ ಕಾಯಬೇಕು. ಅನಂತರ ಫ್ರಿಜ್ಜಿಗೆ ಸೇರಿಸಬೇಕು. ತೊಳೆದ ಮಾತ್ರಕ್ಕೆ ಕಾಳಿನೊಳಗಿನ ರೋಗಾಣು ಹೋಗುವುದಿಲ್ಲವಾದ್ದರಿಂದ ಗರ್ಭಿಣಿಯರು, ಚಿಕ್ಕ ಮಕ್ಕಳು, ವೃದ್ಧರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಮೊಳಕೆಯನ್ನು ಬೇಯಿಸಿಯೇ ತಿನ್ನಬೇಕು. ರಾಜ್ಮಾ ಕಾಳನ್ನಂತೂ ಯಾರೂ ಹಸಿಯಾಗಿ ತಿನ್ನಬಾರದು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನು ನೆನೆಸಿದರೂ ಮೊಳೆಸಿದರೂ ಸುರಕ್ಷಿತ ಮಟ್ಟಕ್ಕೆ ಇಳಿಯುವುದಿಲ್ಲ, ಚೆನ್ನಾಗಿ ಕುದಿಸಿದಾಗ ಮಾತ್ರ ನಾಶವಾಗುತ್ತದೆ. ಉಳಿದ ತರಕಾರಿ, ಹಣ್ಣುಗಳನ್ನು ಸೋಪು ಬಳಸದೆ ಹರಿಯುವ ನೀರಿನಲ್ಲಿ ತಿಕ್ಕಿ ತೊಳೆದು, ಹೆಚ್ಚಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗಿಡುವುದು ನಿಯಮವಾಗಿರಲಿ.

ಕೊನೆಯದಾಗಿ ಡಿಹೈಡ್ರೇಟರ್. ಇದು ಬೆಚ್ಚನೆಯ ಗಾಳಿಯನ್ನು ಫ್ಯಾನಿನಿಂದ ಹಾಯಿಸಿ ತೇವವನ್ನು ತೆಗೆಯುವ ಪೆಟ್ಟಿಗೆ. ಅನೇಕ ಓವನ್ನುಗಳ ಕನಿಷ್ಠ ಉಷ್ಣತೆಯೇ 60 ಡಿಗ್ರಿಗಿಂತ ಮೇಲಿರುವುದರಿಂದ ಹಸಿ ಆಹಾರಕ್ಕೆ ಅವು ಒಗ್ಗುವುದಿಲ್ಲ. ಹೋಳುಗಳು ಮೂರರಿಂದ ಐದು ಮಿಲಿಮೀಟರ್ ದಪ್ಪದಲ್ಲಿ ಒಂದೇ ಸಮನಾಗಿದ್ದು, ಒಂದಕ್ಕೊಂದು ತಾಗದಂತೆ ಹರಡಿರಬೇಕು. ಹಣ್ಣು ಒಣಗಿದಂತೆ ಕಂಡ ಮೇಲೆಯೂ ಹೋಳಿನಿಂದ ಹೋಳಿಗೆ ತೇವದ ವ್ಯತ್ಯಾಸ ಉಳಿದಿರುತ್ತದೆ. ಆದ್ದರಿಂದ ಬಿಸಿ ಪೂರ್ತಿ ಆರಿದ ಹೋಳುಗಳನ್ನು ಭರಣಿಗೆ ಮುಕ್ಕಾಲು ಭಾಗ ಮಾತ್ರ ತುಂಬಿ ಮುಚ್ಚಿ, ಒಂದು ವಾರ ದಿನಕ್ಕೊಮ್ಮೆ ಕುಲುಕುತ್ತ ಬರಬೇಕು. ಗಾಜಿನ ಒಳಮೈಯಲ್ಲಿ ಹನಿಗಳು ಕಂಡರೆ ಎಲ್ಲವನ್ನೂ ಮತ್ತೆ ತಟ್ಟೆಗೆ ಹರಡಿ ಒಣಗಿಸಬೇಕು.