ಧೂಪ ನಮ್ಮ ಕಡೆಗೂ ತಿರುಗುತ್ತದೆ

ಮಂಗಳೂರಿನಲ್ಲಿ ನಮ್ಮ ಚರ್ಚಿನ ಬಲಿಪೂಜೆಗೆ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಪೂಜೆ, ಮಾಸ್) ಧೂಪದಾನಿ ಹಿಡಿಯುವ ಹುಡುಗ ನಾನಾಗಿದ್ದೆ. ಸುಲಭದ ಕೆಲಸ ಅಲ್ಲ. ಸರಪಳಿ ತೂಗುತ್ತಲೇ ಇರಬೇಕು, ಬಿಟ್ಟರೆ ಕೆಂಡ ಬೂದಿ ಕಟ್ಟುತ್ತದೆ, ಜೋರಾಗಿ ತೂಗಿದರೆ ಕಿಡಿ ಹಾರಿ ಕಾರ್ಪೆಟ್ ಮೇಲೆ ಬೀಳುತ್ತದೆ. ಮುಚ್ಚಳ ಎತ್ತಿ ಹಿಡಿದರೆ ಫಾದರ್ ಚಮಚದಲ್ಲಿ ಧೂಪದ ಹರಳು ಹಾಕುತ್ತಾರೆ. ಅದು ಮರದ ಅಂಟು. ಒಮಾನ್, ಸೊಮಾಲಿಯಾ ಕಡೆ ಬೆಳೆಯುವ ಮರದ ತೊಗಟೆ ಗೀರಿದಾಗ ಒಸರಿ ಒಣಗಿದ್ದು.

ಧೂಪ ಯಾಕೆ ಅಂದರೆ ಎಲ್ಲರೂ ಬೈಬಲಿನ 141ನೇ ಕೀರ್ತನೆ ಹೇಳುತ್ತಾರೆ, ನನ್ನ ಪ್ರಾರ್ಥನೆ ಧೂಪದ ಹಾಗೆ ನಿನ್ನ ಮುಂದೆ ಏರಲಿ ಅಂತ. ಸರಿ. ಆದರೆ ಧೂಪದಾನಿ ಹಿಡಿದವನಿಗೆ ಇನ್ನೊಂದು ವಿಷಯ ಕಾಣುತ್ತದೆ. ರೊಟ್ಟಿ, ದ್ರಾಕ್ಷಾರಸ, ಪೀಠ, ಆಮೇಲೆ ಫಾದರ್, ಕೊನೆಗೆ ಜನರ ಕಡೆ ತಿರುಗಿ ಅವರಿಗೂ ಧೂಪ ತೋರಿಸಬೇಕು. ಮೀನು ಮಾರುವವರು, ಸಾಲ ಮಾಡಿಕೊಂಡವರು, ತೂಕಡಿಸುತ್ತಾ ಕೂತವರು ಎಲ್ಲರೂ ಎದ್ದು ನಿಲ್ಲುತ್ತಾರೆ. ಶವಸಂಸ್ಕಾರದಲ್ಲಿ ಪೆಟ್ಟಿಗೆಗೂ ಧೂಪ, ಯಾಕೆಂದರೆ ಆ ದೇಹ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಪಡೆದದ್ದು, ಪವಿತ್ರಾತ್ಮ ಇದ್ದ ಮನೆ. ದೇವರಿಗೆ ಕೊಡುವ ಮರ್ಯಾದೆಯಲ್ಲಿ ಒಂದು ಪಾಲು ನಮಗೂ ಇದೆ ಅಂತ ನನಗೆ ಅರ್ಥವಾಗಿದ್ದು ಯಾವ ಪ್ರವಚನದಿಂದಲೂ ಅಲ್ಲ, ಆ ಕೆಲಸ ಮಾಡಿ.

ಹಾಗಾಗಿ ಈಗ ಮನೆಯಲ್ಲಿ ಸಂಜೆ ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಧೂಪದ ಬಟ್ಟಲನ್ನು ಆಲ್ತಾರಿನ (ಮನೆಯ ಪ್ರಾರ್ಥನಾ ಪೀಠದ) ಮುಂದಷ್ಟೇ ಇಡುವುದಿಲ್ಲ, ಮಕ್ಕಳ ಮುಂದೆಯೂ ಒಂದು ಸುತ್ತು ತರುತ್ತೇನೆ. ತೆಂಗಿನ ಗೆರಟೆಯ ಕೆಂಡ, ಮೇಲೆ ಚಿಟಿಕೆ ಲೋಬಾನ, ಅಷ್ಟು ಸಾಕು. ಅಂಗಡಿಯ ಸೆಂಟ್ ವಾಸನೆಯ ಊದುಬತ್ತಿ ನನಗೆ ತಲೆನೋವು. ಅಮ್ಮನಿಗೆ ದಮ್ಮು ಇರುವುದರಿಂದ ಧೂಪ ಶನಿವಾರ ಮಾತ್ರ, ಅದೂ ಜಗಲಿಯಲ್ಲಿ. ಮಳೆಗಾಲದಲ್ಲಿ ಕಿಟಕಿ ಎಲ್ಲಾ ಮುಚ್ಚಿರುತ್ತದಲ್ವಾ, ಆಗ ಬೇಡವೇ ಬೇಡ. ಹೊಗೆ ಇಲ್ಲದಿದ್ದರೂ ಪ್ರಾರ್ಥನೆ ಪ್ರಾರ್ಥನೆಯೇ.

ಕ್ಯಾಂಡಲ್ ಮಾತ್ರ ತಪ್ಪಿಸುವುದಿಲ್ಲ. ಹಚ್ಚುವ ಮೊದಲು ಫ್ಯಾನ್ ಆಫ್ ಮಾಡಬೇಕು, ಏಪ್ರಿಲ್ ತಿಂಗಳಲ್ಲಿ ನಮ್ಮೂರಿನ ಸೆಕೆಗೆ ಅದೇ ದೊಡ್ಡ ತ್ಯಾಗ. ಈಸ್ಟರ್ ರಾತ್ರಿ ಚರ್ಚಿನ ಹೊರಗೆ ಬೆಂಕಿ ಮಾಡಿ ದೊಡ್ಡ ಕ್ಯಾಂಡಲ್ ಹಚ್ಚುತ್ತಾರೆ. ಅದರ ಮೇಲೆ ಶಿಲುಬೆ, ಆ ವರ್ಷದ ಅಂಕೆಗಳು, ಯೇಸುವಿನ ಐದು ಗಾಯಗಳ ನೆನಪಿಗೆ ಐದು ಧೂಪದ ಹರಳು. ಕತ್ತಲಲ್ಲಿ ಕೈಯಿಂದ ಕೈಗೆ ಎಲ್ಲರ ಬತ್ತಿಗೂ ಅದರಿಂದಲೇ ಬೆಂಕಿ. ಮಗುವಿನ ದೀಕ್ಷಾಸ್ನಾನದ ಕ್ಯಾಂಡಲನ್ನೂ ಅದರಿಂದಲೇ ಹಚ್ಚುವುದು. ಫೆಬ್ರವರಿ 2ರಂದು ಆಶೀರ್ವದಿಸಿದ ಕ್ಯಾಂಡಲ್ ಮನೆಗೆ ತರುತ್ತೇವೆ. ಗುಡುಗು ಸಿಡಿಲು ಜೋರಾದರೆ ಅಮ್ಮ ಹುಡುಕುವುದು ಮೊದಲು ಅದನ್ನೇ, ಟಾರ್ಚನ್ನಲ್ಲ.

ಕಾರ್ಕಳದ ಅತ್ತೂರು ಜಾತ್ರೆಗೆ ಜನವರಿಯಲ್ಲಿ ಪಕ್ಕದ ಮನೆಯ ಹಿಂದೂ ಅಕ್ಕನೂ ನಮ್ಮ ಜೊತೆ ಬಂದು ಸಂತ ಲಾರೆನ್ಸರಿಗೆ ಕ್ಯಾಂಡಲ್ ಹಚ್ಚುತ್ತಾರೆ. ನೂಕುನುಗ್ಗಲಲ್ಲಿ ಎರಡು ನಿಮಿಷವೂ ನಿಲ್ಲಲು ಆಗುವುದಿಲ್ಲ. ನಾವು ಹೊರಟರೂ ಬತ್ತಿ ಅಲ್ಲೇ ಉರಿಯುತ್ತದೆ, ನಮ್ಮ ಬದಲಿಗೆ. ಬ್ಯಾಟರಿ ಕ್ಯಾಂಡಲ್ ನನಗೆ ಹಿಡಿಸದಿರುವುದು ಇದಕ್ಕೇ, ಅದರಲ್ಲಿ ಏನೂ ಖರ್ಚಾಗುವುದಿಲ್ಲ.

ಉಳಿದ ತುಂಡುಗಳನ್ನು ಎಸೆಯಬೇಡಿ. ನಾನು ಡಬ್ಬದಲ್ಲಿ ಕೂಡಿಟ್ಟು ಸತ್ತವರನ್ನು ನೆನೆಯುವ ದಿನವಾದ ನವೆಂಬರ್ 2ರಂದು ಅಪ್ಪನ ಸಮಾಧಿಗೆ ಒಯ್ಯುತ್ತೇನೆ. ಅಲ್ಲಿ ಗಾಳಿ ಜಾಸ್ತಿ, ಉದ್ದದ ಕ್ಯಾಂಡಲ್ ಹೇಗೂ ಬಾಗಿ ಬೀಳುತ್ತದೆ, ಗೆರಟೆಯೊಳಗೆ ಇಟ್ಟ ಗಿಡ್ಡ ತುಂಡೇ ಚೆನ್ನಾಗಿ ಉರಿಯುತ್ತದೆ.