ಒಡೆದು ಕಟ್ಟಿದ ಐಲೆಟ್‌ಗಳು: ಆಲ್ಜಿನೇಟ್ ಗೋಳದೊಳಗೆ ಅವನ್ನು ಉಳಿಸಿಕೊಂಡ ನನ್ನ ಅನುಭವ

ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವ ಪುಟ್ಟ ಕೋಶಗುಚ್ಛಗಳೇ ಐಲೆಟ್‌ಗಳು; ಮಧುಮೇಹಕ್ಕೆ ಅವುಗಳನ್ನು ಕಸಿ ಮಾಡುವಾಗ, ದೇಹದ ರೋಗನಿರೋಧಕ ದಾಳಿಯಿಂದ ಕಾಪಾಡಲು, ಆಲ್ಜಿನೇಟ್ ಎಂಬ ಕಡಲಪಾಚಿಯ ಜೆಲ್ಲಿನ ಗೋಳದೊಳಗೆ ಇಡುವುದುಂಟು. ಚೆನ್ನಾಗಿರುವ ಐಲೆಟ್‌ಗಳನ್ನು ಬಿಡಿ ಜೀವಕೋಶಗಳಾಗಿ ಒಡೆದು, ಅವೇ ಕೋಶಗಳಿಂದ ನೂರು ಮೈಕ್ರಾನ್ ಆಸುಪಾಸಿನ ಸಣ್ಣ ಗುಂಪುಗಳನ್ನು ಮತ್ತೆ ಕಟ್ಟಿ, ಅವುಗಳನ್ನು ದೊಡ್ಡ ಆಲ್ಜಿನೇಟ್ ಗೋಳಗಳಲ್ಲಿ ಇಟ್ಟು ಕಸಿ ಮಾಡುತ್ತೇನೆಂದು ನಾನು ಹೇಳಿದಾಗ, ಈ ಕೆಲಸ ಬಲ್ಲವರೇ ಬೇಡವೆಂದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಒಡೆಯುವ ಹಂತದಲ್ಲಿಯೇ ಮೂರರಲ್ಲೊಂದು ಪಾಲಿನಿಂದ ಅರ್ಧದಷ್ಟು ಕೋಶಗಳು ಸಾಯುತ್ತವೆ. ದಾನಿ ಅಂಗಾಂಶವೇ ಸಿಗದ ಕ್ಷೇತ್ರದಲ್ಲಿ ಅದು ಯಾರಿಗೂ ಒಪ್ಪಿಗೆಯಾಗುವ ನಷ್ಟವಲ್ಲ. ಆದರೆ ಇಡಿಯಾಗಿ ಗೋಳದೊಳಗೆ ಇಟ್ಟ ಐಲೆಟ್‌ಗಳು ಕಸಿಯ ನಂತರದ ಮೊದಲ ವಾರಗಳಲ್ಲಿ ಎಷ್ಟು ಸಾಯುತ್ತವೆ ಎಂಬುದನ್ನು ಅವರು ಆ ಲೆಕ್ಕಕ್ಕೆ ಸೇರಿಸಿರಲಿಲ್ಲ. ಹೊರತೆಗೆದ ಗೋಳಗಳನ್ನು ಸೀಳಿ, ನೂರೈವತ್ತು ಮೈಕ್ರಾನ್ ಮೀರಿದ ಐಲೆಟ್‌ಗಳ ನಡುಭಾಗ ಸತ್ತಿರುವುದನ್ನು ನಾನು ಮೇಲಿಂದ ಮೇಲೆ ನೋಡಿದ್ದೆ. ತಟ್ಟೆಯಲ್ಲಿ ಕಣ್ಣೆದುರಿಗೇ ಆಗುವ ನಷ್ಟಕ್ಕಿಂತ ಹೊಟ್ಟೆಯೊಳಗೆ ಕಾಣದೆ ಆಗುವ ನಷ್ಟ ದೊಡ್ಡದೆಂಬುದು ನನ್ನ ವಾದವಾಗಿತ್ತು.

ಮೇದೋಜೀರಕ ಗ್ರಂಥಿಯ ತೂಕದಲ್ಲಿ ಐಲೆಟ್‌ಗಳ ಪಾಲು ಶೇಕಡ 1ರಿಂದ 2 ಮಾತ್ರವಾದರೂ, ಆ ಗ್ರಂಥಿಗೆ ಹರಿಯುವ ರಕ್ತದಲ್ಲಿ ಶೇಕಡ 10ಕ್ಕೂ ಹೆಚ್ಚನ್ನು ಅವೇ ಪಡೆಯುತ್ತವೆ. ಅಂಥ ಕೋಶಗಳನ್ನು ರಕ್ತನಾಳದಿಂದ ಬಿಡಿಸಿ, ಜೆಲ್ಲಿನಲ್ಲಿ ಸುತ್ತಿ, ಆಮ್ಲಜನಕ ಕಡಿಮೆ ಇರುವ ಹೊಟ್ಟೆಯ ಪೊರೆಯೊಳಗಿನ ಖಾಲಿ ಜಾಗದಲ್ಲಿ ಬಿಟ್ಟಾಗ ಮೊದಲು ಸೋಲುವುದು ದೊಡ್ಡ ಐಲೆಟ್‌ಗಳೇ. 1980ರಲ್ಲಿ ಲಿಮ್ ಮತ್ತು ಸನ್ ಅವರು ಆಲ್ಜಿನೇಟ್ ಗೋಳದಲ್ಲಿಟ್ಟ ಐಲೆಟ್‌ಗಳಿಂದ ಮಧುಮೇಹಿ ರ‍್ಯಾಟ್‌ಗಳ ಸಕ್ಕರೆಯನ್ನು ಎರಡು ಮೂರು ವಾರ ಹತೋಟಿಯಲ್ಲಿ ಇಟ್ಟಿದ್ದರು. ಅಂದಿನಿಂದ ಈ ವಿಧಾನ ಮನುಷ್ಯರಲ್ಲಿ ನಿಲ್ಲದಿರುವುದಕ್ಕೆ ಕಾರಣಗಳಾಗಿ ಆಮ್ಲಜನಕದ ಕೊರತೆಯನ್ನೂ ಗೋಳದ ಮೇಲೆ ಬೆಳೆಯುವ ನಾರುಪೊರೆಯನ್ನೂ ಎಲ್ಲರೂ ಹೇಳುತ್ತಾರೆ. ಆದರೆ ಎರಡನ್ನೂ ಒಟ್ಟಿಗೆ ಎದುರಿಸುವವರು ಕಡಿಮೆ, ಏಕೆಂದರೆ ಒಂದರ ಪರಿಹಾರ ಇನ್ನೊಂದನ್ನು ಕೆಡಿಸುತ್ತದೆ. ಒಂದೂವರೆ ಮಿಲಿಮೀಟರ್ ಗೋಳಗಳ ಮೇಲೆ ನಾರುಪೊರೆ ಕಡಿಮೆ ಬೆಳೆಯುತ್ತದೆಂದು 2015ರಲ್ಲಿಯೇ ಪ್ರಕಟವಾಗಿದೆ. ಆದರೆ ಗೋಳ ದೊಡ್ಡದಾದಷ್ಟೂ ಆಮ್ಲಜನಕ ಒಳಗೆ ತಲುಪುವ ದಾರಿ ಉದ್ದವಾಗುತ್ತದೆ. ಗೋಳವನ್ನು ದೊಡ್ಡದಾಗಿಯೇ ಇಟ್ಟು ಒಳಗಿನ ಗುಂಪನ್ನು ಚಿಕ್ಕದು ಮಾಡುವುದು ನಾನು ಹಿಡಿದ ದಾರಿ.

ಐಲೆಟ್ ಬಿಡಿಸಲು ಕೊಲಾಜಿನೇಸ್ ಕಿಣ್ವದಿಂದ ಗ್ರಂಥಿಯನ್ನು ಕರಗಿಸುವುದು, ಸಾಂದ್ರತೆಯ ಪದರಗಳಲ್ಲಿ ಬೇರ್ಪಡಿಸುವಿಕೆ, ಐಲೆಟ್ ಗುರುತಿಸುವ ಡೈಥೈಝೋನ್ ಬಣ್ಣ ಇವೆಲ್ಲ ಈ ಕ್ಷೇತ್ರದವರಿಗೆ ಗೊತ್ತಿರುವ ಕೆಲಸಗಳು. ಕೊಲಾಜಿನೇಸ್ ಬಗ್ಗೆ ಒಂದೇ ಮಾತು ಸೇರಿಸುತ್ತೇನೆ. ಅದರ ಒಂದು ತಯಾರಿಕೆಯ ಬ್ಯಾಚಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸದಿಂದ ನಮ್ಮ ಮೊದಲ ವರ್ಷದ ಹಣದಲ್ಲಿ ಸುಮಾರು ಕಾಲುಭಾಗ ಕರಗಿಹೋಯಿತು. ಈಗ ಮೂರು ನಾಲ್ಕು ಬ್ಯಾಚುಗಳ ಮಾದರಿ ತರಿಸಿ, ಒಂದೊಂದರಲ್ಲೂ ರ‍್ಯಾಟ್ ಒಂದಕ್ಕೆ ಐನೂರು ಐಲೆಟ್‌ಗಳ ಆಸುಪಾಸಿನಲ್ಲಿ ಇಳುವರಿ ಬರುತ್ತದೆಯೇ ಎಂದು ನೋಡಿ, ಗೆದ್ದ ಬ್ಯಾಚನ್ನು ವರ್ಷಕ್ಕೆ ಸಾಕಾಗುವಷ್ಟು ಒಂದೇ ಬಾರಿಗೆ ಕೊಳ್ಳುತ್ತೇವೆ.

ಒಡೆಯುವ ಹಂತವೇ ನಮ್ಮನ್ನು ಹೆಚ್ಚು ಕಾಡಿತು. ಟ್ರಿಪ್ಸಿನ್ ಕಿಣ್ವ ಬಳಸಿದಾಗ ಕೋಶಗಳು ಬೇಗ ಬಿಡಿಬಿಡಿಯಾದವು, ಆದರೆ ಮೇಲ್ಮೈಯ ಪ್ರೋಟೀನುಗಳನ್ನು ಕಳೆದುಕೊಂಡು ಮತ್ತೆ ಕೂಡಲು ನಿರಾಕರಿಸಿದವು. ಕೋಶಗಳು ಮತ್ತೆ ಗುಂಪುಗೂಡಲೆಂದು ಹಾಕಿದ ಸಣ್ಣ ಗುಳಿಗಳಲ್ಲಿ ಮರುದಿನ ಕಂಡದ್ದು ಸಡಿಲವಾದ ಪುಡಿ. ಹೆಚ್ಚು ಮೃದುವಾದ ಅಕ್ಯುಟೇಸ್ ಎಂಬ ಕಿಣ್ವಮಿಶ್ರಣಕ್ಕೆ ಬದಲಾಯಿಸಿ, ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಮೊದಲೇ ತೊಳೆದು, ಪಿಪೆಟ್ಟಿನ ಒತ್ತಡವನ್ನು ತಗ್ಗಿಸಿದ ಮೇಲೆ ಬದುಕುಳಿದ ಕೋಶಗಳು ಮೂರರಲ್ಲಿ ಎರಡು ಪಾಲಿನ ಹತ್ತಿರ ಬಂದವು. ಒಂಟಿಯಾದ ಕೋಶಗಳ ಸಾವನ್ನು ತಡೆಯುವ ರಾಕ್ ಪ್ರತಿರೋಧಕ ವೈ-27632 ಮೊದಲ ರಾತ್ರಿಗೆ ಸಹಾಯ ಮಾಡುತ್ತದೆ. ಅದರ ಜೊತೆಗೆ ನಾನು ಹಾಕುವ ಇನ್ನೊಂದು ವಸ್ತುವಿನ ಹೆಸರನ್ನು, ಇನ್ನಷ್ಟು ದಾನಿಗಳಲ್ಲಿ ಪರೀಕ್ಷಿಸುವವರೆಗೆ, ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಲ್ಲ ಕೋಶಗಳೂ ಒಡೆದು ಒಂಟಿಯಾಗಬೇಕೆಂಬ ಹಟವನ್ನು ಬಿಟ್ಟದ್ದರಿಂದ ಹೆಚ್ಚು ಲಾಭವಾಯಿತೆಂದು ಹೇಳಬಲ್ಲೆ. ಎರಡು ಮೂರು ಕೋಶಗಳು ಅಂಟಿಕೊಂಡೇ ಇದ್ದರೆ ಮುಂದಿನ ಗುಂಪು ಬೇಗನೆ ಬಿಗಿಯಾಗುತ್ತದೆ.

ಗುಳಿಗಳುಳ್ಳ ಸಿದ್ಧ ತಟ್ಟೆಗಳ ಬೆಲೆ ನಮ್ಮ ಕೈಗೆ ಮೀರಿದ್ದಾಗಿತ್ತು. ಆದ್ದರಿಂದ ಸಿಲಿಕೋನ್ ಅಚ್ಚೊಂದನ್ನು ಮಾಡಿಸಿಕೊಂಡು, ಅದರಲ್ಲಿ ಅಗರೋಸ್ ಎಂಬ ಜೆಲ್ಲಿನ ಎರಕ ಹೊಯ್ದು ನಾವೇ ಗುಳಿತಟ್ಟೆಗಳನ್ನು ಮಾಡತೊಡಗಿದೆವು. ಅಚ್ಚಿಗೆ ಹಾಕಿದ ಹಣ ಕೆಲವೇ ತಿಂಗಳಲ್ಲಿ ಹಿಂದಕ್ಕೆ ಬಂತು. ತಟ್ಟೆಯೊಂದರ ಖರ್ಚು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯಿತು. ಗುಳಿಯ ತಳದಲ್ಲಿ ಸಿಕ್ಕಿಕೊಳ್ಳುವ ಗಾಳಿಗುಳ್ಳೆಗಳು ಆರಂಭದ ಎಷ್ಟೋ ತಟ್ಟೆಗಳನ್ನು ಹಾಳುಮಾಡಿದವು. ಕೋಶಗಳನ್ನು ಹಾಕುವ ಮೊದಲು ಮಾಧ್ಯಮವನ್ನಷ್ಟೇ ತುಂಬಿ ನಿಧಾನವಾಗಿ ಸೆಂಟ್ರಿಫ್ಯೂಜ್ ಮಾಡಿದರೆ ಆ ತೊಂದರೆ ಇಲ್ಲ. ಗುಳಿಗೆ ಐನೂರರಿಂದ ಆರುನೂರು ಕೋಶಗಳನ್ನು ಹಾಕಿದರೆ ಮೂರನೆಯ ಅಥವಾ ನಾಲ್ಕನೆಯ ದಿನಕ್ಕೆ ನೂರು ಮೈಕ್ರಾನಿನ ದುಂಡನೆಯ, ಅಂಚು ನುಣುಪಾದ ಗುಂಪುಗಳು ಸಿಗುತ್ತವೆ. ಸಾವಿರಕ್ಕೆ ಏರಿಸಿ ಸಮಯ ಉಳಿಸೋಣವೆಂದು ನೋಡಿದವರಿಗೆ ಸಿಕ್ಕುವುದು ಹಳೆಯ ತೊಂದರೆಯೇ.

ಈ ನಡುವೆ ಪಕ್ಕದ ದಾರಿಗಳನ್ನೂ ನಡೆದು ನೋಡಿದೆ. ಜೆಲ್ಲಿಗೆ ಪರ್‌ಫ್ಲೋರೋಕಾರ್ಬನ್ ಬೆರೆಸಿದರೆ ಆಮ್ಲಜನಕ ಹೆಚ್ಚು ಕರಗುತ್ತದೆಂಬುದು ನಿಜವಾದರೂ, ಆ ಎಮಲ್ಷನ್ ಗೋಳದ ಮೇಲ್ಮೈಯನ್ನು ಒರಟು ಮಾಡಿತು. ಒರಟು ಮೇಲ್ಮೈ ಎಂದರೆ ನಾರುಪೊರೆಗೆ ಆಹ್ವಾನ. ಮೂಳೆಮಜ್ಜೆಯ ಮೆಸೆಂಕೈಮಲ್ ಕೋಶಗಳನ್ನು (ಸುತ್ತಲಿನ ಕೋಶಗಳಿಗೆ ಆಸರೆಯಾಗುವವು) ಗುಂಪಿನೊಳಗೆ ಬೆರೆಸಿದಾಗ ತಟ್ಟೆಯಲ್ಲಿ ಇನ್ಸುಲಿನ್ ಸ್ರಾವ ಸುಧಾರಿಸಿತು, ಆದರೆ ಅವೂ ಆಮ್ಲಜನಕ ತಿನ್ನುವ ಕೋಶಗಳಾದ್ದರಿಂದ ಗೋಳದೊಳಗೆ ಆ ಲಾಭ ಉಳಿಯಲಿಲ್ಲ. ಕಾವಿನ ಪ್ರಯೋಗವೊಂದು ಮಾತ್ರ ನನ್ನ ಜೊತೆ ಉಳಿದಿದೆ. ಕಟ್ಟಿದ ಗುಂಪುಗಳನ್ನು ಗೋಳಕ್ಕೆ ಇಡುವ ಮುನ್ನ ಒಂದು ರಾತ್ರಿ 37ಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಇಟ್ಟರೆ ಒಳಗಿನ ಸಾವು ಕಡಿಮೆಯಾಗುವುದನ್ನು ಪದೇಪದೇ ಕಂಡಿದ್ದೇನೆ. ಎಷ್ಟು ಡಿಗ್ರಿ ಎಂಬುದನ್ನು ಇನ್ನೂ ಹೊಂದಿಸುತ್ತಿದ್ದೇನೆ.

ಗೋಳ ಕಟ್ಟುವಾಗ ಗುಂಪು ಅಂಚಿಗೆ ಜಾರಿ ಹೊರಗೆ ಇಣುಕುವುದು ಎಲ್ಲರನ್ನೂ ಕಾಡುವ ತೊಂದರೆ. ಹಾಗೆ ಇಣುಕಿದ ಒಂದೇ ಗುಂಪು ಇಡೀ ಗೋಳದ ಮೇಲೆ ಪೊರೆ ಬೆಳೆಸಬಲ್ಲದು. ಆಲ್ಜಿನೇಟಿನ ಶುದ್ಧತೆಯಲ್ಲಿ, ಅದರಲ್ಲೂ ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾ ವಿಷದ ವಿಷಯದಲ್ಲಿ, ಅಗ್ಗದ ಮಾಲನ್ನು ನಂಬಬೇಡಿ. ನಾವು ಕೈ ಬಿಗಿಹಿಡಿಯದೆ ಖರ್ಚು ಮಾಡಿದ್ದು ಇಲ್ಲಿ ಮಾತ್ರ. ಗುಂಪುಗಳನ್ನು ಅಂಚಿನಿಂದ ದೂರ ಇಡುವ ಉಪಾಯ ನಳಿಕೆಯ ಜೋಡಣೆಯಲ್ಲಿದೆ ಎಂದಷ್ಟೇ ಹೇಳುತ್ತೇನೆ.

ಕಸಿಗೆ ಉದ್ದೇಶಪೂರ್ವಕವಾಗಿ ಸಿ57ಬಿಎಲ್/6 ತಳಿಯ ಇಲಿಗಳನ್ನೇ ಆರಿಸಿಕೊಂಡೆ, ಏಕೆಂದರೆ ಆ ತಳಿಯಲ್ಲಿ ನಾರುಪೊರೆ ಬಲವಾಗಿ ಬೆಳೆಯುತ್ತದೆ. ಸುಲಭದ ತಳಿಯಲ್ಲಿ ಗೆದ್ದರೆ ಯಾರೂ ನಂಬುವುದಿಲ್ಲ. ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ಕೊಲ್ಲುವ ಸ್ಟ್ರೆಪ್ಟೋಝೋಟೋಸಿನ್ ಕೊಟ್ಟು, ರಕ್ತದ ಸಕ್ಕರೆ ಡೆಸಿಲೀಟರಿಗೆ 400 ಮಿ.ಗ್ರಾಂ ದಾಟಿದ ಮೇಲೆ, ಇಲಿಗಳ ಒಂದು ಗುಂಪಿಗೆ ಇಡೀ ಐಲೆಟ್‌ಗಳ ಗೋಳಗಳನ್ನೂ ಇನ್ನೊಂದಕ್ಕೆ ಒಡೆದು ಕಟ್ಟಿದವುಗಳ ಗೋಳಗಳನ್ನೂ ಹಾಕಿದೆವು. ಎರಡಕ್ಕೂ ಆರಂಭದ ಅಂಗಾಂಶ ಒಂದೇ ಅಳತೆಯದು, ಅಂದರೆ ಒಡೆಯುವಾಗಿನ ನಷ್ಟವನ್ನು ನಮ್ಮ ವಿಧಾನವೇ ಹೊರಬೇಕಾಗಿತ್ತು. ಇಡೀ ಐಲೆಟ್ ಪಡೆದ ಇಲಿಗಳಲ್ಲಿ ಹೆಚ್ಚಿನವು ತಿಂಗಳೊಳಗೆ ಮತ್ತೆ ಮಧುಮೇಹಕ್ಕೆ ಮರಳಿದವು. ನಮ್ಮವುಗಳಲ್ಲಿ ಬಹುಪಾಲು ಮೂರು ತಿಂಗಳು ದಾಟಿಯೂ 200ರ ಕೆಳಗೆ ಉಳಿದವು. ಅದು ಇಲಿಯ ಸ್ವಂತ ಬೀಟಾ ಕೋಶಗಳು ಮರಳಿದ್ದರಿಂದ ಇರಬಹುದೆಂಬ ಸಂಶಯ ಸಹಜವೇ. ಆದರೆ ಗೋಳಗಳನ್ನು ಹೊರತೆಗೆದಾಗ ಕೆಲವೇ ದಿನಗಳಲ್ಲಿ ಸಕ್ಕರೆ ಮತ್ತೆ ಏರಿತು. ಹೊರತೆಗೆದ ಗೋಳಗಳು 2.8ರಿಂದ 16.7 ಮಿಲಿಮೋಲಾರ್ ಗ್ಲೂಕೋಸ್‌ಗೆ ಸರಿಸಿದಾಗ ಸುಮಾರು ಮೂರು ಪಟ್ಟು ಇನ್ಸುಲಿನ್ ಬಿಟ್ಟವು, ಇಡೀ ಐಲೆಟ್‌ಗಳ ಗೋಳಗಳಲ್ಲಿ ಅದು ಒಂದೂವರೆ ಪಟ್ಟಿನ ಹತ್ತಿರ ನಿಂತಿತು. ಬೇಡವೆಂದಿದ್ದವರಲ್ಲಿ ಇಬ್ಬರು ಈಗ ನಮ್ಮ ಅಚ್ಚನ್ನು ಎರವಲು ಪಡೆದಿದ್ದಾರೆ.

2000ರಲ್ಲಿ ಕೆನಡಾದ ಎಡ್ಮಂಟನ್ ತಂಡ ಐಲೆಟ್ ಕಸಿಯಿಂದ ಏಳು ಜನರನ್ನು ಇನ್ಸುಲಿನ್ನಿನಿಂದ ಬಿಡಿಸಿದಾಗ ಒಬ್ಬೊಬ್ಬರಿಗೂ ಒಂದಕ್ಕಿಂತ ಹೆಚ್ಚು ದಾನಿಗಳು ಬೇಕಾಗಿದ್ದರು. ಇಂದು ಕಾಂಡಕೋಶಗಳಿಂದ ಮಾಡಿದ ಝಿಮಿಸ್ಲೆಸೆಲ್ ಎಂಬ ಐಲೆಟ್ ಚಿಕಿತ್ಸೆ ದಾನಿಯ ಕೊರತೆಯನ್ನು ದಾಟಿದೆ: 2025ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪೂರ್ಣ ಪ್ರಮಾಣ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬಿಟ್ಟಿದ್ದರು. ಆದರೆ ಅವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ತೆಗೆದುಕೊಳ್ಳಲೇಬೇಕು, ಮತ್ತು ಆ ಕಾರಣಕ್ಕಾಗಿಯೇ ಈ ಚಿಕಿತ್ಸೆಯನ್ನು ಮಕ್ಕಳಿಗೆ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಗೋಳದ ಕೆಲಸವನ್ನು ನಾನು ಬಿಡದಿರುವುದು ಆ ಮಕ್ಕಳಿಗಾಗಿ.

ಸ್ಟ್ರೆಪ್ಟೋಝೋಟೋಸಿನ್ ಇಲಿಯಲ್ಲಿ ಸ್ವಯಂನಿರೋಧಕ ದಾಳಿ ಇರುವುದಿಲ್ಲವಾದ್ದರಿಂದ, ಇದೇ ಗೋಳಗಳನ್ನು ಈಗ ಅಂಥ ದಾಳಿಯಿಂದ ತಾನಾಗಿಯೇ ಮಧುಮೇಹ ಬರುವ ಎನ್‌ಒಡಿ ತಳಿಯ ಇಲಿಗಳಲ್ಲಿ ಹಾಕಿದ್ದೇವೆ; ಮೊದಲ ವಾರಗಳ ಸಕ್ಕರೆ ಸಮಾಧಾನಕರವಾಗಿದೆ. ಜೊತೆಗೆ ಕಾಂಡಕೋಶದ ಗುಂಪುಗಳ ಮೇಲೂ ಕೆಲಸ ಆರಂಭಿಸಿದ್ದೇವೆ. ಅವುಗಳನ್ನು ಕೊನೆಯ ಹಂತದಲ್ಲಿ ಒಡೆದು ಮರುಗಾತ್ರಗೊಳಿಸುವ ರೂಢಿ ಆ ಕ್ಷೇತ್ರದಲ್ಲಿ ಈಗಾಗಲೇ ಇರುವುದರಿಂದ, ಅಲ್ಲಿ ಒಡೆಯುವುದಕ್ಕೆ ಯಾರೂ ಆಕ್ಷೇಪಿಸಿಲ್ಲ, ಮತ್ತು ಒಡೆಯುವಾಗಿನ ಸಾವು ರ‍್ಯಾಟ್ ಐಲೆಟ್‌ಗಳಿಗಿಂತ ಕಡಿಮೆ ಕಾಣುತ್ತಿದೆ. ಗುಳಿಗೆ ಎಷ್ಟು ಕೋಶಗಳನ್ನು ಹಾಕಬೇಕೆಂಬುದನ್ನು ಮಾತ್ರ ಅಲ್ಲಿ ಹೊಸದಾಗಿ ಹುಡುಕಬೇಕಾಗಿದೆ.